ಗಂಡು ಮಗುವಿಗೆ ಐರಿಶ್ ಹೆಸರು: ಹೊರದೇಶದಲ್ಲಿರುವವರಿಗೆ ನನ್ನ ಉತ್ತರ

"ಐರಿಶ್ ಹೆಸರೇ ಇಡಬೇಕು ಅಂತಿದ್ದೇವೆ, ಆದರೆ ಇರೋದು ಜರ್ಮನಿಯಲ್ಲಿ. ಗಂಡು ಮಗು. ಯಾವ ಹೆಸರು ಇಡೋಣ?" ನನ್ನ ಗಂಡ ಐರ್ಲೆಂಡಿನ ಕಾರ್ಕ್ ಕಡೆಯವರು, ನಾನು ಹುಬ್ಬಳ್ಳಿಯವಳು, ಸಂಸಾರ ಬವೇರಿಯಾದಲ್ಲಿ. ಹಾಗಾಗಿ ಅವರ ಬಳಗದಲ್ಲಿ ಯಾರು ಬಸುರಾದರೂ ಈ ಪ್ರಶ್ನೆ ನನ್ನ ಫೋನಿಗೆ ಬರುತ್ತದೆ. ಐರಿಶರನ್ನು ಮದುವೆಯಾದ ನಮ್ಮ ಕಡೆಯ ಹುಡುಗಿಯರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡುವ ಬದಲು ಇಲ್ಲೇ ಬರೆದಿಡುತ್ತೇನೆ.

ಹೆಸರನ್ನು ಕೂಗಿ ನೋಡಿ ಆರಿಸಬೇಡಿ. ಚೀಟಿಯಲ್ಲಿ ಬರೆದು, ಐರ್ಲೆಂಡಿನ ಗಂಧಗಾಳಿ ಇಲ್ಲದ ಪಕ್ಕದ ಮನೆಯವರ ಕೈಗೆ ಕೊಟ್ಟು ಓದಿಸಿ. ಕೂಗುವವರು ಮನೆಯವರು, ಅವರಿಗೆ ಎಂಥ ಹೆಸರೂ ರೂಢಿಯಾಗುತ್ತದೆ. ಮಗುವಿನ ಹೆಸರು ಮೊದಲು ಸಿಕ್ಕಿಹಾಕಿಕೊಳ್ಳುವುದು ಕಾಗದ ನೋಡಿ ಓದುವವರ ಬಾಯಲ್ಲಿ. ಡಾಕ್ಟರ ಕ್ಲಿನಿಕ್ಕಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ರಿಸೆಪ್ಷನ್ನಿನವರು ಪಟ್ಟಿ ಹಿಡಿದು ಬಾಗಿಲಿಗೆ ಬಂದು "ಟಾಡ್..." ಅಂತ ಶುರು ಮಾಡಿ ಅಲ್ಲೇ ನಿಂತರು. ಹುಡುಗನ ಅಮ್ಮ ಮಾತಾಡದೆ ಎದ್ದು ಹೊರಟಳು, ಅವಳಿಗೆ ಅಭ್ಯಾಸವಾಗಿತ್ತು. ಹುಡುಗನ ಹೆಸರು ಟೈಗ್. ಬರೆಯುವುದು ಟಿ, ಎ, ಡಿ, ಎಚ್, ಜಿ.

ಹಾಗಂತ ಐರಿಶ್ ಬರವಣಿಗೆ ಮನಸ್ಸಿಗೆ ಬಂದಂತೆ ಇರುವುದಲ್ಲ. ಬಿ-ಎಚ್, ಎಂ-ಎಚ್ ಸೇರಿದರೆ ಸಾಮಾನ್ಯವಾಗಿ ವಕಾರ. ಡಿ-ಎಚ್, ಜಿ-ಎಚ್ ಹೆಸರಿನ ನಡುವೆ ಹೆಚ್ಚಾಗಿ ಮೌನ. ಎಸ್ ಪಕ್ಕದಲ್ಲಿ ಇ ಅಥವಾ ಐ ಇದ್ದರೆ ಶಕಾರ. ನಿಯಮ ಪಕ್ಕಾ ಇದೆ, ಇಂಗ್ಲಿಷಿನದ್ದಲ್ಲ, ಜರ್ಮನ್ನಿನದ್ದೂ ಅಲ್ಲ, ಅಷ್ಟೇ. ಜರ್ಮನ್ನರು ಐ ಅಕ್ಷರಕ್ಕಿಂತ ಮೊದಲು ಬರುವ ಸಿ ಅನ್ನು 'ತ್ಸ' ಅಂತ ಓದುತ್ತಾರೆ. ಹೀಗಾಗಿ ಸಿ ಇಂದ ಬರೆಯುವ ಕೀಯನ್ ಎಂಬ ಚೆಂದದ ಹೆಸರು 'ತ್ಸಿಯಾನ್' ಆಗುತ್ತದೆ. ನಮ್ಮ ಹುಡುಗಿಯರ ಅಚ್ಚುಮೆಚ್ಚಿನ ಕೀರಾನ್ ಕೂಡ ಹಾಗೆಯೇ. ಅದನ್ನು ಆರಿಸುವುದು ಊರಲ್ಲಿ ಕಿರಣ್ ಅಂತ ಕರೆದರೂ ನಡೆಯುತ್ತದೆ ಅನ್ನುವ ಆಸೆಗೆ. ಲಂಡನ್ನಿನಲ್ಲಿ ನಡೆದೀತು, ಇಲ್ಲಿ ಶಾಲೆಗೆ ಸೇರಿದ ದಿನವೇ 'ತ್ಸಿಯಾರಾನ್'.

ಇಷ್ಟು ಹೇಳಿದ ಮೇಲೆ ನನ್ನ ಮೊದಲ ಆಯ್ಕೆ: ಕಿಲಿಯನ್, ಅದೂ ಕೆ ಅಕ್ಷರದಿಂದ. ಐರಿಶ್ ನೆಂಟರು ಮೂಗು ಮುರಿಯುತ್ತಾರೆ, ಹಳೆಯ ಐರಿಶ್ ವರ್ಣಮಾಲೆಯ 18 ಅಕ್ಷರಗಳಲ್ಲಿ ಕೆ ಇಲ್ಲವೇ ಇಲ್ಲ. ಆದರೆ ಇದು ಫ್ಯಾಷನ್ನಿಗೆ ತಿರುಚಿದ ಸ್ಪೆಲಿಂಗ್ ಅಲ್ಲ. ಕ್ಯಾವನ್ ಕೌಂಟಿಯ ಮುಲ್ಲಾ ಎಂಬ ಊರಿನವನೆಂದು ಹೇಳುವ ಸಂತ ಕಿಲಿಯನ್ 7ನೇ ಶತಮಾನದಲ್ಲಿ ಧರ್ಮಪ್ರಚಾರಕ್ಕೆ ಇದೇ ಬವೇರಿಯಾದ ವ್ಯೂರ್ತ್ಸ್‌ಬುರ್ಗ್‌ಗೆ ಬಂದ. 689ರ ಸುಮಾರಿಗೆ ಕೊಲೊನಾಟ್, ಟೋಟ್ನಾನ್ ಎಂಬ ಇಬ್ಬರು ಸಂಗಡಿಗರೊಂದಿಗೆ ಅಲ್ಲೇ ಕೊಲೆಯಾದ. ಊರಿನ ಕೆಥೆಡ್ರಲ್ ಅವನ ಹೆಸರಿನದು, ಮೈನ್ ನದಿಯ ಹಳೇ ಸೇತುವೆಯ ಮೇಲೆ ಅವನ ಪ್ರತಿಮೆ ಇದೆ, ಜುಲೈ ಬಂತೆಂದರೆ 'ಕಿಲಿಯಾನಿ' ಜಾತ್ರೆ. ಇಲ್ಲಿನ ಅಜ್ಜಿಯರಿಗೆ ಕಿಲಿಯನ್ ಊರ ದೇವರ ಹೆಸರಿದ್ದ ಹಾಗೆ. ಡಬ್ಲಿನ್ನಿನ ಜರ್ಮನ್ ಶಾಲೆಗೂ ಇಟ್ಟಿರುವುದು ಸೇಂಟ್ ಕಿಲಿಯನ್ ಅಂತಲೇ. ಎರಡೂ ಕಡೆಯವರು ನಮ್ಮವನು ಅನ್ನುವ ಐರಿಶ್ ಹೆಸರು ಇದಕ್ಕಿಂತ ಬೇರೆ ನನಗೆ ಗೊತ್ತಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿರುವವರು ಫಿಂಟನ್ ನೋಡಿ. ಐರ್ಲೆಂಡಿನಿಂದ ಬಂದ ಆ ಹೆಸರಿನ ಸಂತ 9ನೇ ಶತಮಾನದಲ್ಲಿ ರೈನಾವ್ ಮಠದಲ್ಲಿದ್ದ. ಫಿನ್ ಇಲ್ಲಿ ಬೀದಿಗೊಬ್ಬ, ಯಾರೂ ತಡವರಿಸುವುದಿಲ್ಲ, ಐರಿಶ್ ಅಂತ ಯಾರಿಗೂ ಹೊಳೆಯುವುದೂ ಇಲ್ಲ. ಲಿಯಂ ಕಥೆಯೂ ಅದೇ, ಅಮೆರಿಕದಲ್ಲಿ 2017ರಲ್ಲಿ ಮೊದಲ ಸ್ಥಾನಕ್ಕೇರಿದ ಹೆಸರದು. ಅಸಲಿಗೆ ಅದು ವಿಲಿಯಂನ ಐರಿಶ್ ರೂಪದ ಬಾಲ.

ಒಂದೇ ಒಂದು ಹೆಸರು ಬೇಡ ಅನ್ನುತ್ತೇನೆ: ಕೆವಿನ್. ವಿಕ್ಲೋ ಬೆಟ್ಟಗಳ ನಡುವಿನ ಗ್ಲೆಂಡಲಾಕ್‌ನಲ್ಲಿ ತಪಸ್ಸು ಮಾಡಿದ ಸಂತನ ಹೆಸರು ಪಾಪ. ಆದರೆ ಅಮೆರಿಕದ ಸಿನಿಮಾಗಳ ಗಾಳಿಗೆ 1991ರಲ್ಲಿ ಜರ್ಮನಿಯ ಗಂಡುಮಕ್ಕಳ ಹೆಸರುಗಳಲ್ಲಿ ಮೊದಲ ಸ್ಥಾನಕ್ಕೆ ಬಂದು, ಆಮೇಲೆ ಗೇಲಿಯ ವಸ್ತುವಾಯಿತು. 2009ರಲ್ಲಿ ಓಲ್ಡನ್‌ಬುರ್ಗ್ ವಿಶ್ವವಿದ್ಯಾಲಯದ ಅಧ್ಯಯನವೊಂದು, ಕೆವಿನ್ ಅಂತ ಹೆಸರು ಕಂಡರೇ ಶಿಕ್ಷಕರು ಹುಡುಗ ತಂಟೆಕೋರ, ಓದಿನಲ್ಲಿ ಹಿಂದೆ ಎಂದುಕೊಳ್ಳುತ್ತಾರೆ ಅಂತ ತೋರಿಸಿತು. ಅನ್ಯಾಯವೇ ಸರಿ. ಆದರೆ ಆ ಅನ್ಯಾಯದ ವಿರುದ್ಧ ಹೋರಾಟವನ್ನು ನಿಮ್ಮ ಮಗನ ತಲೆಗೆ ಕಟ್ಟಬೇಡಿ.

ನಮ್ಮ ಮಗ ರೋನಾನ್. ಸೀಲ್ ಮರಿ ಅಂತ ಅರ್ಥ. ಐರಿಶ್, ಜರ್ಮನ್, ಕನ್ನಡ, ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಉಚ್ಚಾರ. ಫೋನಿನಲ್ಲಿ ಕೇಳಿದ ನಮ್ಮಮ್ಮ ಮಾತ್ರ "ಅಲ್ಲವಾ, ರೋಣ ಅಂದ್ರ ಗದಗ ಬಾಜೂಕಿನ ಊರಲ್ಲೇನ? ಕೂಸಿಗೆ ಊರಿನ ಹೆಸರ ಇಟ್ರೇನ?" ಅಂದಳು. ಈಗಲೂ ಅವಳಿಗೆ ಅವನು ರೋಣಪ್ಪ, ಅವನು ಓಗೊಡುತ್ತಾನೆ.

ಐರಿಶ್ ಸ್ವರದ ಮೇಲೆ ಹಾಕುವ ಓರೆಗೆರೆ, ಅಂದರೆ ಫಾಡಾ, ನಮ್ಮ ದೀರ್ಘದ ಕೆಲಸ ಮಾಡುತ್ತದೆ. ಜನನ ಪತ್ರದಲ್ಲಿ ಅದನ್ನು ಬಿಡಬೇಡಿ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಅದು ಹೇಗೂ ಬಿದ್ದುಹೋಗುತ್ತದೆ, ಅಲ್ಲಿ ಎ ಇಂದ ಝಡ್ ಬಿಟ್ಟು ಬೇರೆ ಅಕ್ಷರಕ್ಕೆ ಜಾಗವಿಲ್ಲ. ಆದರೆ ಫಾಡಾ ಇಲ್ಲದೆ ಬರೆದ ಶಾನ್ ಎಂಬ ಹೆಸರು ಐರಿಶ್ ಓದುವವರಿಗೆ 'ಹಳೆಯ' ಅನ್ನುವ ಮಾತು. ಹಾಗೆಯೇ ಟೈಗ್ ಹೆಸರೇ ನಿಮಗೆ ಇಷ್ಟವಾದರೆ ಟೈಗ್ ಅಂತಲೇ ಇಡಿ, ಐದು ಅಕ್ಷರ ಪೂರ್ತಿ ಬರೆಯಿರಿ. ಜರ್ಮನ್ನರಿಗೆ ಸುಲಭವಾಗಲಿ ಅಂತ ಕುಯ್ದು ಹೊಲಿದರೆ ಕಾರ್ಕ್‌ನಲ್ಲೂ ಯಾರಿಗೂ ಗುರುತು ಸಿಗದು.

ಅಜ್ಜನ ಹೆಸರಿನ ಗಲಾಟೆ ಅವರಲ್ಲೂ ಇದೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು ಎಂಬುದು ಐರ್ಲೆಂಡಿನ ಹಳೇ ಪದ್ಧತಿ, ನಮ್ಮ ಎಷ್ಟೋ ಮನೆಗಳಲ್ಲಿ ಇದ್ದ ಹಾಗೆಯೇ. ಅದನ್ನು ಎರಡನೇ ಹೆಸರಾಗಿಡಿ, ಜಗಳ ಮುಗಿಯುತ್ತದೆ. ತೊಟ್ಟಿಲ ಶಾಸ್ತ್ರಕ್ಕೆ ಮುಹೂರ್ತ ನೋಡುತ್ತ ಕೂರಬೇಡಿ. ಜರ್ಮನಿಯಲ್ಲಿ ಹುಟ್ಟಿದ ಒಂದು ತಿಂಗಳೊಳಗೆ ನೋಂದಣಿ ಕಚೇರಿಗೆ ಹೆಸರು ತಿಳಿಸಲೇಬೇಕು.