ಎಸ್ಟೀಮ್ ಲಾಗ್: 5,500 ಆರ್‌ಪಿಎಂ ದಾಟಿದರೆ ಆಯಿಲ್ ಪ್ರೆಶರ್ ಮುಳ್ಳು ಯಾಕೆ ಬೀಳುತ್ತಿತ್ತು

ಮೇ 11

ಹೋದ ತಿಂಗಳ ಲಾಗ್‌ನಲ್ಲಿ ಎಂಜಿನ್ ಕೂರಿಸಿ ಸ್ಟಾರ್ಟ್ ಮಾಡಿದ ಖುಷಿ ಬರೆದಿದ್ದೆ. ಆ ಖುಷಿ 600 ಕಿಲೋಮೀಟರ್ ಬಾಳಿತು.

ಹೊಸದಾಗಿ ಓದುವವರಿಗೆ ಗಾಡಿಯ ಜಾತಕ: 2002ರ ಮಾರುತಿ ಎಸ್ಟೀಮ್. ಜಿ13ಬಿಬಿ ಎಂಜಿನ್, 1,298 ಸಿಸಿ, 16 ವಾಲ್ವ್. ಕ್ಯಾಮ್ (ವಾಲ್ವ್ ತೆರೆಯುವ ದಂಡ) ಬೇರೆ, ಹೆಡ್‌ನಲ್ಲಿ ಪೋರ್ಟ್ (ಗಾಳಿ ಹೋಗಿ ಬರುವ ದಾರಿ) ಕೆಲಸ ಆಗಿದೆ, ಎಕ್ಸಾಸ್ಟ್ ಹೆಡರ್ ಇಲ್ಲೇ ಬೆಳಗಾವಿಯಲ್ಲಿ ಮಾಡಿಸಿದ್ದು. ಕಟ್‌ಆಫ್, ಅಂದರೆ ಎಂಜಿನ್ ಅದಕ್ಕಿಂತ ಜೋರಾಗಿ ತಿರುಗದ ಹಾಗೆ ಹಾಕಿದ ಮಿತಿ, 7,400 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು) ಏರಿಸಿದ್ದೇನೆ. ಸ್ಪ್ರಿಂಗ್ ತಗ್ಗಿಸಿ ಗಾಡಿಯನ್ನು ನೆಲಕ್ಕೆ ಹತ್ತಿರ ಮಾಡಿದ್ದೇನೆ. ಈ ಕೊನೇ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ನಾನು ನಂಬುವುದಿಲ್ಲ. ಅದು ಹತ್ತುವುದೇ ಪ್ರೆಶರ್ ಸುಮಾರು 0.3 ಬಾರ್‌ಗೆ (1 ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಇಳಿದ ಮೇಲೆ. 7,000ದಲ್ಲಿ ಓಡುವ ಎಂಜಿನ್‌ಗೆ ಅಷ್ಟು ಹೊತ್ತಿಗೆ ಕಥೆ ಮುಗಿದಿರುತ್ತದೆ. ಅದಕ್ಕೇ ಒಂದು ಮೆಕ್ಯಾನಿಕಲ್ ಗೇಜ್ ಹಾಕಿದೆ. ಇದರಲ್ಲೂ ಒಂದು ಪಾಠ ಆಯಿತು. ಪ್ರೆಶರ್ ಸ್ವಿಚ್ ಕೂರುವ ತೂತಿನ ಥ್ರೆಡ್ ಬ್ರಿಟಿಷ್ ಅಳತೆಯ ಬಿಎಸ್‌ಪಿ ಟೇಪರ್, ಇಂಚಿಗೆ 28 ಎಳೆ. ಗೇಜ್ ಜೊತೆ ಬಂದ ನಿಪ್ಪಲ್ ಅಮೆರಿಕನ್ ಅಳತೆಯ ಎನ್‌ಪಿಟಿ, ಇಂಚಿಗೆ 27. ಎರಡು ಸುತ್ತು ಸಲೀಸಾಗಿ ಒಳಗೆ ಹೋಗುತ್ತದೆ, ಆಮೇಲೆ ಅಲ್ಯುಮಿನಿಯಂ ಬ್ಲಾಕ್‌ನ ಥ್ರೆಡ್ ತಿನ್ನಲು ಶುರು ಮಾಡುತ್ತದೆ. ನನ್ನ ಪುಣ್ಯ, ಎರಡನೇ ಸುತ್ತಿಗೇ ನಿಲ್ಲಿಸಿದ್ದೆ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಹೈಡ್ರಾಲಿಕ್ ಫಿಟಿಂಗ್ ಅಂಗಡಿಯವರು ನಿಪ್ಪಲ್ ಕೈಗೆ ತಗೊಂಡು ಕಣ್ಣಳತೆಯಲ್ಲೇ ಹೇಳಿದರು, ಸರಿಯಾದ ಅಡಾಪ್ಟರ್ ಕೊಟ್ಟರು. ಈ ಊರಲ್ಲಿ ಗಾಡಿ ಹವ್ಯಾಸ ಇದ್ದರೆ ಇದೊಂದು ಸುಖ.

ಇವತ್ತು ಮೊಬೈಲನ್ನು ಸೀಟಿನ ಹಿಂದೆ ಕಟ್ಟಿ, ಗೇಜ್ ಮತ್ತು ಆರ್‌ಪಿಎಂ ಮೀಟರ್ ಎರಡೂ ಕಾಣುವ ಹಾಗೆ ವಿಡಿಯೋ ಮಾಡಿದೆ. ಹೈವೇಯಲ್ಲಿ, ಎರಡನೇ ಗೇರ್, ಆಯಿಲ್ ಚೆನ್ನಾಗಿ ಕಾದ ಮೇಲೆ. ಮನೆಗೆ ಬಂದು ನಿಧಾನಕ್ಕೆ ನೋಡಿ ಬರೆದುಕೊಂಡ ಲೆಕ್ಕ: ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) 1.4 ಬಾರ್. 3,000ಕ್ಕೆ 3.6. 4,500ಕ್ಕೆ 4.2. 5,500ಕ್ಕೂ 4.2. ಇಲ್ಲಿವರೆಗೆ ಸರಿ, ರಿಲೀಫ್ ವಾಲ್ವ್ ತೆರೆದುಕೊಂಡು ಹೆಚ್ಚಿನದನ್ನು ವಾಪಸ್ ಬಿಡುತ್ತಿದೆ. ಆದರೆ 6,500ಕ್ಕೆ 2.9. ಸಾಲದ್ದಕ್ಕೆ ಮುಳ್ಳು ಜ್ವರ ಬಂದವರ ಹಾಗೆ ನಡುಗುತ್ತಿದೆ.

ಮೇ 13

ಗೆಳೆಯರ ಗುಂಪಿನಲ್ಲಿ ಹಾಕಿದೆ. ಎಲ್ಲರದೂ ಒಂದೇ ಉತ್ತರ: ಪಂಪ್ ಹೋಗಿದೆ, ಬದಲಾಯಿಸು. ಒಬ್ಬ ಮಾತ್ರ ರಿಲೀಫ್ ವಾಲ್ವ್ ಸ್ಪ್ರಿಂಗ್ ಕೆಳಗೆ ವಾಷರ್ ಹಾಕು ಅಂದ. ಈ ವಾಷರ್ ವೈದ್ಯ ನಮ್ಮಲ್ಲಿ ಬಹಳ ಜನಪ್ರಿಯ. ಅದರಿಂದ ಆಗುವುದು ಇಷ್ಟೇ: ವಾಲ್ವ್ ತೆರೆಯುವ ಪ್ರೆಶರ್ ಮೇಲೇರುತ್ತದೆ. 4.2ರ ಬದಲು 4.8 ಆಗಬಹುದು. ಆದರೆ ನನ್ನದು 2.9ಕ್ಕೆ ಬೀಳುತ್ತಿದೆ, ಅಲ್ಲಿ ವಾಲ್ವ್ ಮುಚ್ಚಿಯೇ ಇರಬೇಕು. ಮುಚ್ಚಿದ ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿ ಏನು ಪ್ರಯೋಜನ?

ನಾನು ಕೂತು ಯೋಚಿಸಿದ್ದು ಹೀಗೆ. ಬೇರಿಂಗ್ ಸವೆದಿದ್ದರೆ ಬಿಸಿ ಐಡಲ್‌ನಲ್ಲೇ ಪ್ರೆಶರ್ ಕಡಿಮೆ ಇರಬೇಕು, ಸ್ಪೀಡ್ ಏರಿದಂತೆ ಸುಧಾರಿಸಬೇಕು. ನನ್ನದು ಅದರ ಉಲ್ಟಾ. ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿದ್ದರೆ ಎಲ್ಲಾ ಸ್ಪೀಡಿನಲ್ಲೂ ಕಡಿಮೆ. ತಿರುವಿನಲ್ಲಿ ಮಾತ್ರ ಬಿದ್ದರೆ ಆಯಿಲ್ ಒಂದು ಕಡೆಗೆ ಸರಿದು ಸ್ಟ್ರೇನರ್ (ಪಂಪಿಗೆ ಆಯಿಲ್ ಹೋಗುವ ಜಾಲಿ) ಬಾಯಿ ಖಾಲಿಯಾಗಿದೆ ಅಂತ. ನೇರ ರಸ್ತೆಯಲ್ಲಿ, ಹೈ ಆರ್‌ಪಿಎಂನಲ್ಲಿ ಮಾತ್ರ ಬಿದ್ದು ನಡುಗಿದರೆ ಪಂಪಿಗೆ ಬರುವ ದಾರಿಯಲ್ಲೇ ಏನೋ ಅಡ್ಡ ಇದೆ.

ಖಾತ್ರಿ ಮಾಡಿಕೊಳ್ಳಲು ಅಗ್ಗದ ಪರೀಕ್ಷೆ ಮಾಡಿದೆ. ಮೊದಲು ಬೇರೆ ಗೇಜ್ ಹಾಕಿ ನೋಡಿದೆ, ಅದೇ ಲೆಕ್ಕ. ಆಮೇಲೆ ತೆಳು 10ಡಬ್ಲ್ಯೂ-30 ಆಯಿಲ್ ತೆಗೆದು ದಪ್ಪದ 20ಡಬ್ಲ್ಯೂ-50 ಸುರಿದೆ. ಬೇರಿಂಗ್ ಸವೆತವಾಗಿದ್ದರೆ ದಪ್ಪ ಆಯಿಲ್‌ಗೆ ಪ್ರೆಶರ್ ಏರಬೇಕಿತ್ತು. ಐಡಲ್‌ನಲ್ಲಿ ಸ್ವಲ್ಪ ಏರಿತು ಕೂಡ. ಆದರೆ ಮೇಲೆ ಬೀಳುವುದು 5,500ರ ಬದಲು 5,000ಕ್ಕೇ ಶುರುವಾಯಿತು. ದಪ್ಪ ಆಯಿಲ್‌ಗೆ ಒಳಗೆ ಬರುವುದೇ ಕಷ್ಟ, ಅಂದರೆ ಅಡ್ಡ ಇರುವುದು ಬರುವ ದಾರಿಯಲ್ಲೇ. ದಪ್ಪ ಆಯಿಲ್ ಹಾಕಿ ರೋಗ ಜಾಸ್ತಿಯಾದಾಗ ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ಮೇ 18

ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಪ್ಯಾನ್ ಇಳಿಸಿದೆ. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ಚೇಂಬರ್ ಅಂತಾರೆ. ಎಕ್ಸಾಸ್ಟಿನ ಮುಂದಿನ ಪೈಪ್ ಬಿಚ್ಚಿ, ಮೈಗೆಲ್ಲ ಆಯಿಲ್ ಹಚ್ಚಿಕೊಂಡು ಅರ್ಧ ದಿನ.

ಪ್ಯಾನಿನ ತಳದಲ್ಲಿ ಒಂದು ಅಂಗೈ ಅಗಲದ ತಗ್ಗು. ಹೊರಗಿನಿಂದ ನೋಡಿದ್ದೆ, 'ಇರಲಿ ಬಿಡು' ಅಂದುಕೊಂಡಿದ್ದೆ. ಯಾವ ಹಂಪ್ ಅಂತಲೂ ಗೊತ್ತು, ಖಾನಾಪುರ ಕಡೆ ಒಂದು ಹಳ್ಳಿ ಮುಂದೆ. ತಗ್ಗಿಸಿದ ಸ್ಪ್ರಿಂಗ್ ನೆನಪಿಡಿ ಅಂದಿದ್ದು ಇದಕ್ಕೇ. ಆ ತಗ್ಗು ಸರಿಯಾಗಿ ಸ್ಟ್ರೇನರ್ ಕೆಳಗೆ ಬಂದಿದೆ.

ಸ್ಟ್ರೇನರ್‌ಗೂ ತಳಕ್ಕೂ ನಡುವೆ ಜಾಗ ಎಷ್ಟು ಉಳಿದಿದೆ ಅಂತ ನೋಡಲು ಹೊರದೇಶದವರು ಮಕ್ಕಳ ಜೇಡಿ ಬಳಸುತ್ತಾರೆ. ನಾನು ಅಡುಗೆಮನೆಗೆ ಹೋದೆ. ಜೋಳದ ರೊಟ್ಟಿ ಹಿಟ್ಟು ನಡೆಯಲ್ಲ, ಒತ್ತಿದರೆ ಒಡೆಯುತ್ತದೆ. ಚಪಾತಿಗೆ ನಾದಿದ ಕಣಕ ಬೇಕು. ಒಂದು ಉಂಡೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಪ್ಯಾನಿನ ತಳದಲ್ಲಿಟ್ಟು, ಪ್ಯಾನನ್ನು ನಾಲ್ಕು ಬೋಲ್ಟ್‌ನಲ್ಲಿ ಕೂರಿಸಿ ಮತ್ತೆ ಇಳಿಸಿದೆ. ಚಪ್ಪಟೆಯಾದ ಕಣಕವನ್ನು ವರ್ನಿಯರ್‌ನ ಹಿಂದಿನ ಕಡ್ಡಿಯಿಂದ ಚುಚ್ಚಿ ಅಳೆದೆ. 2.5 ಮಿ.ಮೀ. ಸಾಮಾನ್ಯವಾಗಿ 6ರಿಂದ 10 ಮಿ.ಮೀ. ಬಿಡುತ್ತಾರೆ.

ಇನ್ನೊಂದು ಅಡ್ಡಿ ನನ್ನ ಕೈಯ ಪ್ರಸಾದವೇ. ಸ್ಟ್ರೇನರ್ ಜಾಲಿಯಲ್ಲಿ ಬೂದು ಬಣ್ಣದ ಶಾವಿಗೆ ಎಳೆಗಳು. ಪ್ಯಾನಿಗೆ ಹಚ್ಚಿದ ಸಿಲಿಕೋನ್ ಸೀಲಂಟ್. 'ಲೀಕ್ ಆಗಬಾರದು' ಅಂತ ಧಾರಾಳವಾಗಿ ಹಿಂಡಿದ್ದೆ. ಹೊರಗೆ ಬಂದದ್ದನ್ನು ಒರೆಸಿದೆ, ಒಳಗೆ ಹೋದದ್ದು ಕಳಚಿಕೊಂಡು ಜಾಲಿಗೆ ಬಂದು ಕೂತಿದೆ. ಜಾಲಿಯ ಮೂರನೇ ಒಂದು ಭಾಗ ಮುಚ್ಚಿತ್ತು.

ಮೇ 24

ಪಂಪ್ ಬಿಚ್ಚಿ ತಗೊಂಡು ಮೂರನೇ ರೈಲ್ವೆ ಗೇಟ್ ದಾಟಿ ಕಾಕಾರ ಹತ್ತಿರ ಹೋದೆ. ಕಾಕಾ ಕಾರ್ ಮೆಕ್ಯಾನಿಕ್ ಅಲ್ಲ. ಜೀವಮಾನವೆಲ್ಲ ಹೈಡ್ರಾಲಿಕ್ ಪವರ್ ಪ್ಯಾಕ್ (ಯಂತ್ರಗಳಿಗೆ ಎಣ್ಣೆಯ ಒತ್ತಡ ಕೊಡುವ ಪಂಪ್ ಜೋಡಣೆ) ಕಟ್ಟಿದವರು.

ಈ ಎಂಜಿನ್‌ನ ಪಂಪ್ ಕ್ರ್ಯಾಂಕಿನ (ಎಂಜಿನ್‌ನ ಮುಖ್ಯ ತಿರುಗುವ ದಂಡದ) ಮೂತಿಯ ಮೇಲೇ ಕೂರುತ್ತದೆ. ಒಂದರೊಳಗೊಂದು ತಿರುಗುವ ಎರಡು ಹಲ್ಲಿನ ಚಕ್ರ, ಅವೇ ರೋಟರ್. ಒಳಗಿನ ರೋಟರ್‌ಗೆ ಹೊರಗಿನದಕ್ಕಿಂತ ಒಂದು ಹಲ್ಲು ಕಡಿಮೆ. ಎಂಜಿನ್ ಎಷ್ಟು ತಿರುಗುತ್ತದೋ ಅಷ್ಟೇ ಇದೂ ತಿರುಗುತ್ತದೆ. 7,000 ಅಂದರೆ ಸೆಕೆಂಡಿಗೆ ಸುಮಾರು 117 ಸುತ್ತು. ಹಲ್ಲುಗಳ ನಡುವಿನ ಗೂಡು ತುಂಬಲು ಸಿಗುವ ಸಮಯ ಎಷ್ಟು ಅಂತ ನೀವೇ ಊಹಿಸಿ.

ಕಾಕಾ ಕನ್ನಡಕ ಹಣೆಗೇರಿಸಿ ಪಂಪಿನ ಹೊರಕವಚ ಹೌಸಿಂಗನ್ನು ಬಾಗಿಲ ಬೆಳಕಿಗೆ ಹಿಡಿದರು. ಆಯಿಲ್ ಒಳಗೆ ಬರುವ ಬಾಯಿ ಮುಗಿಯುವ ಅಂಚಿನಲ್ಲಿ ಉಗುರು ಆಡಿಸಿದರು. ಅಲ್ಲಿ ಲೋಹದ ಹೊಳಪು ಹೋಗಿ ರವೆ ಉದುರಿಸಿದ ಹಾಗೆ ಸಣ್ಣ ಸಣ್ಣ ಗುಳಿ. ನಾನು ಕಸ ಸಿಕ್ಕಿ ಆದ ಗಾಯ ಅಂದುಕೊಂಡಿದ್ದೆ.

"ಕಸಾ ಹೋದ್ರ ಗೀರ್ ಬೀಳತಾವ ತಮ್ಮಾ. ಇವು ಗುಳಿ. ಪಂಪಿಗೆ ಎಣ್ಣಿನ ಸಿಕ್ಕಿಲ್ಲ."

"ಪಂಪ್ ಸರಿಯಾಗಿ ಎಳೀಲಿಲ್ಲ ಅಂತೀರೇನು ಕಾಕಾ?"

"ಪಂಪ್ ಎಳೀತೈತಿ ಅಂತ ಯಾರ್ ಹೇಳ್ಯಾರ ನಿನಗ? ಅದು ಜಾಗಾ ಖಾಲಿ ಮಾಡ್ತೈತಿ ಅಷ್ಟ. ಎಣ್ಣಿ ಒಳಗ ನೂಕೂದು ಮ್ಯಾಲಿನ ಗಾಳಿ. ಉಪಾಸ ಕೆಡವಿ, ಮ್ಯಾಲ ದುಡಿ ಅಂದ್ರ ಹೆಂಗ?"

ಈ ಮಾತು ತಲೆಯಲ್ಲಿ ಕೂತಿತು. ಒತ್ತುವ ಕಡೆ ಪಂಪ್ ಎಷ್ಟು ಬೇಕಾದರೂ ಬಲ ತೋರಿಸಬಹುದು. ಒಳಗೆ ಬರುವ ಕಡೆ ಮಾತ್ರ ನಮಗಿರುವುದು ಗಾಳಿಯ ಒತ್ತಡ ಒಂದೇ. ಹೆಚ್ಚೆಂದರೆ 1 ಬಾರ್. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಹಾಗಾಗಿ ಅದೂ 0.92ರ ಆಸುಪಾಸು. ಜಾಲಿ ಮುಚ್ಚಿ, ತಳ ಹತ್ತಿರ ಬಂದು, ಆಯಿಲ್ ದಪ್ಪವಾದರೆ ಗೂಡು ಪೂರ್ತಿ ತುಂಬುವುದಿಲ್ಲ. ಒಳಗೆ ಗುಳ್ಳೆ ಏಳುತ್ತದೆ. ಅದೇ ಗುಳ್ಳೆ ಪ್ರೆಶರ್ ಕಡೆಗೆ ಬಂದು ಪಟ್ಟನೆ ಕುಸಿದಾಗ ಲೋಹದ ಚೂರು ಕೀಳುತ್ತದೆ. ಮುಳ್ಳು ನಡುಗುತ್ತಿದ್ದದ್ದೂ ಇದಕ್ಕೇ.

ಅಲ್ಲೇ ಅಳತೆ ಮಾಡಿದೆವು. ರೋಟರ್ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದರೆ 0.17 ಮಿ.ಮೀ. ಮಿತಿ 0.15. ಹೊರ ರೋಟರ್‌ಗೂ ಹೌಸಿಂಗ್‌ಗೂ ನಡುವೆ 0.22, ಮಿತಿ 0.31. ಅಂದರೆ ಸುತ್ತ ಸರಿ ಇದೆ, ಮುಖ ಸವೆದಿದೆ. ರಿಲೀಫ್ ವಾಲ್ವಿನ ಪಿಸ್ಟನ್‌ಗೆ ಆಯಿಲ್ ಹಚ್ಚಿ ತೂತಿಗೆ ಬಿಟ್ಟರೆ ತನ್ನ ತೂಕಕ್ಕೇ ಜಾರಬೇಕು. ನನ್ನದು ನಡುವೆ ಒಂದು ಕಡೆ ತಡೆಯುತ್ತಿತ್ತು.

ವೈರ್‌ಕಟ್ (ವಿದ್ಯುತ್ ಹರಿಯುವ ತಂತಿಯಿಂದ ಲೋಹ ಕೊಯ್ಯುವ) ಯಂತ್ರದಲ್ಲಿ ಗಟ್ಟಿ ಸ್ಟೀಲ್ ರೋಟರ್ ಮಾಡಿಸೋಣವಾ ಅಂತ ಆಸೆಯಿಂದ ಕೇಳಿದೆ. ಕಾಕಾ ನಕ್ಕರು, "ಹೊಸಾ ಪಂಪ್ ಸಿಗತೈತಿಲ್ಲ, ಸುಮ್ನ ಹಾಕ." ಅವರು ಹೇಳಿದ್ದೇ ಸರಿ. ರೋಟರ್ ಒಡೆಯುವ ರೋಗ ಬೇರೆ. ನಿಸಾನ್ ಆರ್‌ಬಿ26ರ ಹಳೇ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಪಂಪನ್ನು ಹಿಡಿಯುವ ಭಾಗ ಚಿಕ್ಕದು, ಹೈ ಆರ್‌ಪಿಎಂನಲ್ಲಿ ಒಳ ರೋಟರ್ ಬಿರುಕು ಬಿಡುತ್ತಿತ್ತು. ಅಲ್ಲಿ ಅಗಲದ ಕಾಲರ್ ಹಾಕುತ್ತಾರೆ. ಲೋಹದ ಪುಡಿ ಒತ್ತಿ ಮಾಡಿದ ರೋಟರ್, ಕ್ರ್ಯಾಂಕಿನ ತಿರುಚು ಕಂಪನ, ಪದೇ ಪದೇ ಕಟ್‌ಆಫ್‌ಗೆ ಬಡಿಯುವುದು: ಈ ಮೂರೂ ಸೇರಿದರೆ ಆ ರೋಗ. ಆ ಕಂಪನ ಹೀರುವ ರಬ್ಬರ್ ಡ್ಯಾಂಪರ್ ಇರುವ ಎಂಜಿನ್‌ಗೆ ಅದನ್ನು ತೆಗೆದು ಹಗುರ ಪುಲ್ಲಿ ಹಾಕುವವರು ಇದನ್ನು ಎರಡು ಸಲ ಓದಿ. ಬಿಎಂಡಬ್ಲ್ಯೂ ಎಂ50 ಥರದ ಎಂಜಿನ್‌ಗಳಲ್ಲಿ ಇನ್ನೂ ತಮಾಷೆ, ಪಂಪಿನ ಚೈನ್ ಚಕ್ರ ಹಿಡಿದಿರುವ ನಟ್ಟೇ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ಪಂಪ್ ಚೆನ್ನಾಗಿರುತ್ತದೆ, ತಿರುಗಿಸುವವರಿಲ್ಲ.

ಜೂನ್ 8

ಮಳೆ ಶುರು. ಶೆಡ್ಡಿನ ತಗಡಿನ ಸದ್ದಿನಲ್ಲಿ ರೇಡಿಯೋ ಕೇಳಿಸುವುದಿಲ್ಲ.

ಬಿಗ್ ಎಂಡ್ ಶೆಲ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂರುವಲ್ಲಿನ ಬೇರಿಂಗ್) ತೆಗೆದು ನೋಡಿದೆ. ಒಂದರಲ್ಲಿ ಮೇಲಿನ ಪದರ ಸವೆದು ತಾಮ್ರದ ಬಣ್ಣ ಇಣುಕುತ್ತಿತ್ತು. ನಾಲ್ಕೂ ಬದಲಾಯಿಸಿದೆ. ಜರ್ನಲ್ (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಜಾಗ) ಸರಿ ಇತ್ತು, ದೊಡ್ಡ ಖರ್ಚು ತಪ್ಪಿತು.

ಹೊಸ ಪಂಪನ್ನೂ ಬಿಚ್ಚಿ ಅಳೆದು, ರೋಟರ್ ನಡುವೆ ವ್ಯಾಸಲಿನ್ ತುಂಬಿದೆ. ಒಣಗಿದ ಪಂಪ್ ಮೊದಲ ಸಲ ಆಯಿಲ್ ಹಿಡಿಯಲು ಒದ್ದಾಡುತ್ತದೆ. ವ್ಯಾಸಲಿನ್ ಸಂದು ಮುಚ್ಚುತ್ತದೆ, ಆಮೇಲೆ ಬಿಸಿಗೆ ಕರಗಿ ಹೋಗುತ್ತದೆ. ಗ್ಯಾಸ್ಕೆಟ್‌ನ ತುದಿ ಪ್ಯಾನ್ ಕೂರುವ ಕಡೆ ಹೊರಗೆ ಚಾಚಿತ್ತು, ಬ್ಲೇಡಿನಿಂದ ಸಮ ಮಾಡಿದೆ. ಸ್ಟ್ರೇನರ್ ಪೈಪಿಗೆ ಹೊಸ ಓ-ರಿಂಗ್. ಇದು ಹತ್ತಿಪ್ಪತ್ತು ರೂಪಾಯಿ ಅಂತ ಹಳೆಯದನ್ನೇ ಹಾಕುವವರಿದ್ದಾರೆ. ಅಲ್ಲಿಂದ ಆಯಿಲ್ ಲೀಕ್ ಆಗಲ್ಲ, ಗಾಳಿ ಒಳಗೆ ಬರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ.

ಪ್ಯಾನಿನ ತಗ್ಗನ್ನು ಬಡಿದು ಎತ್ತಿಸಿದೆ. ಮತ್ತೆ ಕಣಕ. 8 ಮಿ.ಮೀ. ಸೀಲಂಟ್ ಈ ಸಲ ತೆಳ್ಳಗೆ, ರೊಟ್ಟಿ ಮೇಲೆ ತುಪ್ಪ ಸವರಿದ ಹಾಗೆ. ಕೆಳಗೆ 3 ಮಿ.ಮೀ. ತಗಡಿನ ಗಾರ್ಡ್, ಪ್ಯಾನಿಗೆ ತಾಗದ ಹಾಗೆ. ಸ್ಪ್ರಿಂಗ್ 15 ಮಿ.ಮೀ. ವಾಪಸ್ ಎತ್ತಿದೆ. ನೋಟ ಹೋಯಿತು ಅಂತ ತಮ್ಮನ ದೂರು.

ಸ್ಪಾರ್ಕ್ ಪ್ಲಗ್ ತೆಗೆದು, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಸ್ಟಾರ್ಟರ್ ಹೊಡೆದೆ. ಹನ್ನೊಂದು ಸೆಕೆಂಡಿಗೆ ಮುಳ್ಳು ಎದ್ದಿತು. ಆಮೇಲೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದ್ದು.

ಜೂನ್ 22

200 ಕಿಲೋಮೀಟರ್‌ಗೆ ಆಯಿಲ್ ತೆಗೆದೆ, ಫಿಲ್ಟರ್ ಕತ್ತರಿಸಿದೆ. ಒಳಗಿನ ಕಾಗದದ ಮಡಿಕೆಗಳಲ್ಲಿ ಹೊಳೆಯುವ ಪುಡಿ ಕಂಡು ಎದೆ ಧಸಕ್ ಅಂದಿತು. ಮ್ಯಾಗ್ನೆಟ್ ಹಿಡಿದರೆ ಎಲ್ಲಾ ಅಂಟಿಕೊಂಡಿತು. ಬೇರಿಂಗ್ ಶೆಲ್‌ನ ಪುಡಿ ಮ್ಯಾಗ್ನೆಟ್‌ಗೆ ಅಂಟಲ್ಲ. ಐದು ನಿಮಿಷ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ಫಿಲ್ಟರ್ ಡಬ್ಬಿಯನ್ನು ಗರಗಸದಿಂದ ಕೊಯ್ದಿದ್ದೆ. ಅದರದೇ ಪುಡಿ. ಮುಂದಿನ ಸಲ ಡಬ್ಬಿ ಕಟರ್.

ಈಗಿನ ಲೆಕ್ಕ, 10ಡಬ್ಲ್ಯೂ-30 ಹಾಕಿ: ಬಿಸಿ ಐಡಲ್ 1.6. 4,500ಕ್ಕೆ 4.3. 6,500ಕ್ಕೆ 4.3. ಮುಳ್ಳು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿದೆ. ಕಟ್‌ಆಫನ್ನು 7,000ಕ್ಕೆ ಇಳಿಸಿದ್ದೇನೆ. ಅದರಾಚೆ ಈ ಕ್ಯಾಮ್‌ನಲ್ಲಿ ಪವರ್ರೂ ಇರಲಿಲ್ಲ, ಬರೀ ಸದ್ದು.

ಇನ್ನೂ ಒಂದು ಬಾಕಿ. ಮೈದಾನದಲ್ಲಿ ಉದ್ದದ ಎಡ ತಿರುವು ಒತ್ತಿ ತೆಗೆದರೆ ಮುಳ್ಳು ಒಂದು ಕ್ಷಣ 3ಕ್ಕೆ ಇಣುಕಿ ಬರುತ್ತದೆ. ಇದು ಹಳೇ ರೋಗವಲ್ಲ, ಆಯಿಲ್ ಬಲಕ್ಕೆ ಸರಿಯುತ್ತಿದೆ. ಸ್ಟ್ರೇನರ್ ಸುತ್ತ ಬ್ಯಾಫಲ್ (ಆಯಿಲ್ ಸರಿಯದಂತೆ ತಡೆಯುವ ತಗಡು) ಬೆಸುಗೆ ಹಾಕಿಸಬೇಕು. 1.6 ಮಿ.ಮೀ. ತಗಡು ಕತ್ತರಿಸಿ ತಂದಿಟ್ಟಿದ್ದೇನೆ. ಮಳೆ ಬಿಡುವು ಕೊಟ್ಟ ಭಾನುವಾರ ಪ್ಯಾನ್ ಮತ್ತೆ ಇಳಿಯುತ್ತದೆ. ಆ ದಿನ ಒಂದು ಹಿಡಿ ಕಣಕ ಜಾಸ್ತಿ ನಾದು ಅಂತ ಅವ್ವನಿಗೆ ಈಗಲೇ ಹೇಳಿಟ್ಟಿದ್ದೇನೆ.