ಸ್ಟಬ್ ಸುಲಭ, ಸ್ಪೈ ಹಾಗಲ್ಲ: ಫಂಕ್ಷನಲ್ ಕೋಡಿಗೆ ಯೂನಿಟ್ ಟೆಸ್ಟ್ ಬರೆಯುವಾಗ

ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ಹಲವು ವರ್ಷ ಕಳೆದು ಕ್ಲೋಜರ್ ಮತ್ತು ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಗಳ ಕಡೆಗೆ ಬಂದಾಗ ನಾನು ಮೊದಲು ಹುಡುಕಿದ್ದು ಒಂದು ಒಳ್ಳೆಯ ಮಾಕಿಂಗ್ ಲೈಬ್ರರಿಯನ್ನು. ಪರೀಕ್ಷೆ ಬರೆಯುವುದೆಂದರೆ ಇಂಟರ್‌ಫೇಸಿಗೊಂದು ನಕಲಿ ಕ್ಲಾಸ್ ಹುಟ್ಟಿಸಿ, ಯಾವ ಮೆಥಡ್ಡನ್ನು ಎಷ್ಟು ಸಲ ಕರೆಯಲಾಯಿತು ಎಂದು ಎಣಿಸುವುದು ಎಂಬ ಅಭ್ಯಾಸ ಅಷ್ಟು ಗಟ್ಟಿಯಾಗಿ ಕೂತಿತ್ತು. ಅಂಥ ಲೈಬ್ರರಿ ಕೊನೆಗೂ ಬೇಕಾಗಲಿಲ್ಲ. ಆದರೆ ಏಕೆ ಬೇಕಾಗಲಿಲ್ಲ ಎಂಬುದು ತಲೆಗೆ ಹೋಗಲು ಒಂದು ಸಣ್ಣ ಅವಘಡವೇ ಆಗಬೇಕಾಯಿತು.

ಮೊದಲು ಹೆಸರುಗಳ ಮಾತು. ಪರೀಕ್ಷೆಯಲ್ಲಿ ಅಸಲಿಯ ಬದಲು ನಿಲ್ಲುವ ನಕಲಿಗಳಿಗೆ ಟೆಸ್ಟ್ ಡಬಲ್ ಎಂಬ ಒಟ್ಟು ಹೆಸರು; ಅದರಡಿ ಡಮ್ಮಿ, ಸ್ಟಬ್, ಸ್ಪೈ, ಮಾಕ್, ಫೇಕ್ ಎಂಬ ವಿಂಗಡಣೆಯನ್ನು ಜೆರಾರ್ಡ್ ಮೆಸ್ಜಾರೋಸ್ ಅವರ 2007ರ ಪುಸ್ತಕ ಬಳಕೆಗೆ ತಂದಿತು. ದಿನನಿತ್ಯದ ಮಾತಿನಲ್ಲಿ ಎಲ್ಲವನ್ನೂ ಮಾಕ್ ಎಂದೇ ಕರೆಯುತ್ತೇವೆ, ಆದರೆ ಇಲ್ಲಿ ವ್ಯತ್ಯಾಸ ಮುಖ್ಯ. ಸ್ಟಬ್ ಎಂಬುದು ಪರೀಕ್ಷೆಗೊಳಪಟ್ಟ ಕೋಡಿಗೆ ಮೊದಲೇ ಗೊತ್ತುಮಾಡಿದ ಉತ್ತರವನ್ನು ಕೊಡುತ್ತದೆ. ಸ್ಪೈ ತನ್ನನ್ನು ಯಾರು ಯಾವ ಆರ್ಗ್ಯುಮೆಂಟಿನೊಂದಿಗೆ ಕರೆದರು ಎಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ಒಂದು ಒಳಗೆ ಬರುವ ಮಾಹಿತಿಗೆ ಸಂಬಂಧಿಸಿದ್ದು, ಇನ್ನೊಂದು ಹೊರಗೆ ಹೋಗುವ ಪರಿಣಾಮಕ್ಕೆ ಸಂಬಂಧಿಸಿದ್ದು.

ಫಂಕ್ಷನ್‌ಗಳನ್ನೇ ಆರ್ಗ್ಯುಮೆಂಟಾಗಿ ಕೊಡಬಹುದಾದ ಭಾಷೆಯಲ್ಲಿ ಸ್ಟಬ್‌ಗೆಂದು ಲೈಬ್ರರಿ ತರುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಚಂದಾದಾರರ ಪಟ್ಟಿಯನ್ನು ನೋಡಿ, ಇನ್ನು 7 ದಿನಗಳಲ್ಲಿ ಚಂದಾ ಮುಗಿಯುವವರಿಗೆ ಇಮೇಲ್ ಕಳುಹಿಸುವ ಕೋಡ್ ಇದೆ ಎಂದುಕೊಳ್ಳಿ. ಇಂದಿನ ದಿನಾಂಕವನ್ನು ಆ ಫಂಕ್ಷನ್ ತಾನೇ ಗಡಿಯಾರದಿಂದ ಓದುವ ಬದಲು ಆರ್ಗ್ಯುಮೆಂಟಾಗಿ ಪಡೆದರೆ, ಅಲ್ಲಿ ಸ್ಟಬ್ ಎಂಬ ಮಾತೇ ಏಳುವುದಿಲ್ಲ. ಚಂದಾದಾರನ ಯೋಜನೆ ಯಾವುದು ಎಂದು ಡೇಟಾಬೇಸಿನಲ್ಲಿ ಹುಡುಕುವ ಫಂಕ್ಷನ್ನನ್ನು ಹೊರಗಿನಿಂದ ಕೊಡುವುದಾದರೆ, ಹ್ಯಾಸ್ಕೆಲ್‌ನಲ್ಲಿ ಕಾನ್‌ಸ್ಟ್, ಕ್ಲೋಜರ್‌ನಲ್ಲಿ ಕಾನ್‌ಸ್ಟಂಟ್ಲಿ ಎಂಬ ಸಿದ್ಧ ಫಂಕ್ಷನ್‌ಗಳೇ ಸ್ಟಬ್ ಕಟ್ಟಿಕೊಡುತ್ತವೆ: ಏನು ಕೇಳಿದರೂ ಒಂದೇ ಉತ್ತರ. ಕ್ಲೋಜರ್‌ನಲ್ಲಿ ಇನ್ನೂ ಒಂದು ಸೊಗಸಿದೆ. ಅಲ್ಲಿ ಮ್ಯಾಪ್ ಎಂಬ ದತ್ತಾಂಶ ರಚನೆಯನ್ನೇ ಫಂಕ್ಷನ್ನಿನಂತೆ ಕರೆಯಬಹುದಾದ್ದರಿಂದ, ಎರಡು ಐಡಿಗಳು ಮತ್ತು ಅವುಗಳ ಎದುರಿಗೆ ಎರಡು ಯೋಜನೆಗಳನ್ನು ಬರೆದ ಒಂದು ಸಾಲಿನ ಮ್ಯಾಪ್ ಇಡೀ ಡೇಟಾಬೇಸಿಗೆ ಬದಲಿಯಾಗಿ ನಿಲ್ಲುತ್ತದೆ. ಆದರೆ ಮ್ಯಾಪಿನಲ್ಲಿ ಇಲ್ಲದ ಐಡಿ ಕೇಳಿದರೆ ಅದು ತಕರಾರಿಲ್ಲದೆ ನಿಲ್, ಅಂದರೆ ಏನೂ ಇಲ್ಲ ಎಂಬ ಉತ್ತರ, ಕೊಡುತ್ತದೆ; ನಿಜವಾದ ಫಂಕ್ಷನ್ ಅಲ್ಲಿ ಎಕ್ಸೆಪ್ಷನ್ ಎಸೆಯುವಂಥದ್ದಾಗಿದ್ದರೆ ನಿಮ್ಮ ಪರೀಕ್ಷೆ ಸುಳ್ಳು ಹೇಳುತ್ತಿದೆ ಎಂದೇ ಅರ್ಥ.

ಸ್ಪೈ ವಿಷಯ ಹೀಗೆ ಸಲೀಸಲ್ಲ. ಬರೆದಿಟ್ಟುಕೊಳ್ಳಬೇಕೆಂದರೆ ಬದಲಾಗುವ ಜಾಗವೊಂದು ಬೇಕು: ಕ್ಲೋಜರ್‌ನಲ್ಲಿ ಆಟಮ್, ಹ್ಯಾಸ್ಕೆಲ್‌ನಲ್ಲಿ ಐಒರೆಫ್. ನಾನು ಮೊದಲು ಮಾಡಿದ್ದು ಕ್ಲೋಜರ್‌ನ ವಿತ್-ರೀಡೆಫ್ಸ್ ಬಳಸಿ, ಇಮೇಲ್ ಕಳುಹಿಸುವ ಫಂಕ್ಷನ್ನಿನ ಜಾಗದಲ್ಲಿ ತಾತ್ಕಾಲಿಕವಾಗಿ ಸ್ಪೈ ಒಂದನ್ನು ಕೂರಿಸಿದ್ದು. ಪರೀಕ್ಷೆಯಲ್ಲಿ ಮೂವರು ಚಂದಾದಾರರಿದ್ದರು. ಹಿಂತಿರುಗಿದ ಪಟ್ಟಿಯ ಉದ್ದ 3 ಎಂಬ ಮೊದಲ ಪರಿಶೀಲನೆ ಪಾಸಾಯಿತು. ಸ್ಪೈ ಬಳಿ 3 ದಾಖಲೆ ಇರಬೇಕು ಎಂಬ ಎರಡನೆಯದು ಬಿದ್ದುಹೋಯಿತು. ಅದರ ಬಳಿ ಇದ್ದದ್ದು ಸೊನ್ನೆ. ಎಲ್ಲೋ ಹೆಸರು ತಪ್ಪಿರಬೇಕೆಂದು ನಾನು ಕೋಡ್ ತಿದ್ದುತ್ತ ಕುಳಿತಿದ್ದಾಗ ಸಹೋದ್ಯೋಗಿಯೊಬ್ಬರು ಬಂದು, ನಿಮ್ಮ ಚಂದಾ ಮುಗಿಯಲಿದೆ ಎಂಬ ಇಮೇಲ್ ತಮಗೆ ನಾಲ್ಕು ಸಲ ಬಂದಿದೆ ಎಂದರು. ಪರೀಕ್ಷೆಯ ದತ್ತಾಂಶದಲ್ಲಿ ನಾನು ಹಾಕಿದ್ದು ನಮ್ಮದೇ ತಂಡದ ವಿಳಾಸಗಳನ್ನು.

ಆಗಿದ್ದು ಇಷ್ಟು. ನನ್ನ ಕೋಡ್ ಪಟ್ಟಿಯ ಮೇಲೆ ಮ್ಯಾಪ್ ಫಂಕ್ಷನ್ (ಮೇಲೆ ಹೇಳಿದ ದತ್ತಾಂಶ ರಚನೆಯಲ್ಲ, ಪಟ್ಟಿಯ ಪ್ರತಿಯೊಂದಕ್ಕೂ ಒಂದು ಫಂಕ್ಷನ್ನನ್ನು ಅನ್ವಯಿಸುವ ಅದೇ ಹೆಸರಿನ ಫಂಕ್ಷನ್) ಓಡಿಸಿ, ಅದರೊಳಗಿನ ಅನಾಮಿಕ ಫಂಕ್ಷನ್ನಿನಿಂದ ಇಮೇಲ್ ಕಳುಹಿಸುತ್ತಿತ್ತು. ಕ್ಲೋಜರ್‌ನಲ್ಲಿ ಮ್ಯಾಪ್ ಸೋಮಾರಿ. ಫಲಿತಾಂಶವನ್ನು ಯಾರಾದರೂ ಕೇಳುವವರೆಗೆ ಅದು ಕೆಲಸ ಶುರುಮಾಡುವುದಿಲ್ಲ. ವಿತ್-ರೀಡೆಫ್ಸ್‌ನ ಆವರಣದೊಳಗೆ ಯಾರೂ ಕೇಳಲಿಲ್ಲ. ಆವರಣ ಮುಗಿದು ಮೂಲ ಫಂಕ್ಷನ್ ತನ್ನ ಸ್ಥಾನಕ್ಕೆ ಮರಳಿದ ಮೇಲೆ, ಉದ್ದ ಎಷ್ಟೆಂದು ಪರಿಶೀಲನೆ ಕೇಳಿತು. ಆಗ ಸೋಮಾರಿ ಪಟ್ಟಿ ಎಚ್ಚೆತ್ತು, ಇಮೇಲ್ ಫಂಕ್ಷನ್ನಿನ ಹೆಸರನ್ನು ಆ ಕ್ಷಣದಲ್ಲಿ ಹುಡುಕಿ, ಅಸಲಿಯನ್ನೇ ಕರೆಯಿತು. ನಮ್ಮ ಬೇಹುಗಾರ ಪಹರೆ ಮುಗಿಸಿ ಮನೆಗೆ ಹೋದ ಮೇಲೆ ಕಳ್ಳತನ ನಡೆದಿತ್ತು. ಇದಲ್ಲದೆ ವಿತ್-ರೀಡೆಫ್ಸ್ ಮಾಡುವ ಬದಲಾವಣೆ ಎಲ್ಲ ಥ್ರೆಡ್‌ಗಳಿಗೂ ಕಾಣುತ್ತದೆ, ಆದ್ದರಿಂದ ಪರೀಕ್ಷೆಗಳನ್ನು ಸಮಾಂತರವಾಗಿ ಓಡಿಸಿದರೆ ಒಂದರ ಸ್ಪೈ ಇನ್ನೊಂದರ ಕರೆಗಳನ್ನೂ ಬರೆದುಕೊಳ್ಳುವ ಅಪಾಯವಿದೆ.

ಮ್ಯಾಪ್ ಬದಲು, ಯಾರೂ ಕೇಳುವವರೆಗೆ ಕಾಯದೆ ಆಗಲೇ ಕೆಲಸ ಮುಗಿಸುವ ಡೂಸೆಕ್ ಹಾಕಿದ್ದರೆ ಅಂದಿನ ತೊಂದರೆ ಮುಗಿಯುತ್ತಿತ್ತು, ಹಾಕಿಯೂ ಹಾಕಿದೆ. ಆದರೆ ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಯಾರಿಗೆ ಇಮೇಲ್ ಹೋಗಬೇಕು ಎಂಬ ಲೆಕ್ಕಾಚಾರವನ್ನು ಪರೀಕ್ಷಿಸಲು ನಾನು ಇಮೇಲ್ ಹೋಗುವ ಬಾಗಿಲಲ್ಲಿ ಬೇಹುಗಾರನನ್ನು ಏಕೆ ನಿಲ್ಲಿಸಿದ್ದೆ? ಆ ಲೆಕ್ಕಾಚಾರ ಶುದ್ಧ ಫಂಕ್ಷನ್ನಾಗಿ, ಅಂದರೆ ಹೊರಗೆ ಏನನ್ನೂ ಬದಲಿಸದೆ ಒಂದೇ ಆರ್ಗ್ಯುಮೆಂಟಿಗೆ ಸದಾ ಒಂದೇ ಉತ್ತರ ಕೊಡುವ ಫಂಕ್ಷನ್ನಾಗಿ, ಬೇರೆ ನಿಂತು, ಕಳುಹಿಸಬೇಕಾದ ಇಮೇಲ್‌ಗಳ ಪಟ್ಟಿಯನ್ನು ಬರಿಯ ದತ್ತಾಂಶವಾಗಿ ಹಿಂತಿರುಗಿಸಿದರೆ ಸಾಕಲ್ಲ. ವಿಳಾಸ, ವಿಷಯ, ಒಕ್ಕಣೆ ಎಲ್ಲವೂ ಉತ್ತರದಲ್ಲೇ ಇರುವಾಗ ಸಮ ಚಿಹ್ನೆಯೊಂದರಿಂದ ಪರೀಕ್ಷೆ ಮುಗಿಯುತ್ತದೆ. 7 ದಿನ, 8 ದಿನ, ಇಂದೇ ಮುಗಿಯುವುದು, ನಿನ್ನೆಯೇ ಮುಗಿದದ್ದು ಎಂಬ ಗಡಿ ಪ್ರಸಂಗಗಳನ್ನೆಲ್ಲ ಒಂದೇ ಕೂತಲ್ಲಿ ಬರೆದುಬಿಡಬಹುದು. ಶುದ್ಧ ತಿರುಳು, ಅದರ ಸುತ್ತ ಪರಿಣಾಮಗಳ ತೆಳುವಾದ ಚಿಪ್ಪು ಎಂದು ಪ್ರೋಗ್ರಾಮರ್ ಗ್ಯಾರಿ ಬರ್ನ್‌ಹಾರ್ಟ್ ಜನಪ್ರಿಯಗೊಳಿಸಿದ ವಿನ್ಯಾಸ ಇದೇ.

ಹ್ಯಾಸ್ಕೆಲ್‌ನಲ್ಲಿ ಇದನ್ನು ಇನ್ನೊಂದು ಬಗೆಯಲ್ಲಿ ಸಾಧಿಸಬಹುದು. ಕಳುಹಿಸುವ ಫಂಕ್ಷನ್ನನ್ನು ಆರ್ಗ್ಯುಮೆಂಟಾಗಿ ಪಡೆಯುವ ಕೋಡನ್ನು ಯಾವ ಮೊನಾಡ್‌ಗೂ (ಹಂತಗಳನ್ನು ಒಂದರ ಹಿಂದೊಂದು ಜೋಡಿಸುವ ಹ್ಯಾಸ್ಕೆಲ್‌ನ ಚೌಕಟ್ಟು) ಒಗ್ಗುವಂತೆ ಬರೆದರೆ, ನಿಜದಲ್ಲಿ ಅದು ಹೊರಜಗತ್ತಿನೊಂದಿಗೆ ವ್ಯವಹರಿಸುವ ಐಒದಲ್ಲಿ ಓಡುತ್ತದೆ, ಪರೀಕ್ಷೆಯಲ್ಲಿ ದಾಖಲೆ ಕೂಡಿಡುವ ರೈಟರ್ ಮೊನಾಡ್‌ನಲ್ಲಿ ಓಡಿ ತನ್ನ ಕರೆಗಳ ದಾಖಲೆಯನ್ನು ಉತ್ತರವಾಗಿಯೇ ಕೊಡುತ್ತದೆ. ಬದಲಾಗುವ ಜಾಗವಿಲ್ಲದ ಸ್ಪೈ ಎಂದು ನಾನು ಇದನ್ನು ಕರೆಯುತ್ತೇನೆ. ಐಒರೆಫ್ ಬಳಸುವವರು ಕರೆಗಳ ಸಂಖ್ಯೆಯನ್ನಷ್ಟೇ ನೋಡದೆ ಆರ್ಗ್ಯುಮೆಂಟುಗಳನ್ನೂ ಹೋಲಿಸುವುದು ಒಳ್ಳೆಯದು. ಸೋಮಾರಿ ಮೌಲ್ಯಮಾಪನದಿಂದಾಗಿ ಆರ್ಗ್ಯುಮೆಂಟಿನೊಳಗೆ ದೋಷವಿದ್ದರೂ ಎಣಿಕೆ ಸರಿಯಾಗಿಯೇ ಬರುತ್ತದೆ.

ಶುದ್ಧ ಫಂಕ್ಷನ್ನಿನ ಮೇಲೆ ಸ್ಪೈ ಇಡುವುದಂತೂ ನನಗೆ ಒಪ್ಪಿಗೆಯಿಲ್ಲ. ಅದನ್ನು ಒಮ್ಮೆ ಕರೆದರೂ ಮೂರು ಸಲ ಕರೆದರೂ ಉತ್ತರ ಒಂದೇ ಆಗಿರುವಾಗ, ಎಣಿಕೆಯನ್ನು ಪರೀಕ್ಷಿಸುವುದು ಒಳಗಿನ ಬರವಣಿಗೆಯನ್ನು ಕಟ್ಟಿಹಾಕಿದಂತೆ. ಇದಕ್ಕೆ ನಾನು ಒಪ್ಪುವ ಅಪವಾದ ಮೆಮೊಯೈಸೇಷನ್, ಅಂದರೆ ಒಮ್ಮೆ ಲೆಕ್ಕ ಹಾಕಿದ ಉತ್ತರವನ್ನು ಕ್ಯಾಶ್‌ನಲ್ಲಿ ಉಳಿಸಿಟ್ಟು ಮತ್ತೆ ಬಳಸುವುದು: ಅಲ್ಲಿ ಒಳಗಿನ ಫಂಕ್ಷನ್ ಎರಡನೆಯ ಸಲ ಓಡಬಾರದು ಎಂಬುದೇ ಭರವಸೆ, ಅದನ್ನು ಉತ್ತರದಿಂದ ತಿಳಿಯಲಾಗುವುದಿಲ್ಲ. ಈಗ ಆ ಪ್ರಾಜೆಕ್ಟಿನಲ್ಲಿ ಉಳಿದಿರುವುದು ಎರಡೇ ಸ್ಪೈಗಳು. ಒಂದು ಇಂಥ ಕ್ಯಾಶ್‌ನ ಹಿಂದೆ ಕುಳಿತಿದೆ. ಇನ್ನೊಂದು ಹೊರಚಿಪ್ಪಿನಲ್ಲಿ, ಮೂರು ಇಮೇಲ್‌ಗಳ ಪಟ್ಟಿ ಕೊಟ್ಟರೆ ಮೂರೂ ಅದೇ ಕ್ರಮದಲ್ಲಿ ಕಳುಹಿಸುವ ಫಂಕ್ಷನ್ನಿಗೆ ತಲುಪುತ್ತವೆಯೇ ಎಂದು ನೋಡುತ್ತದೆ. ಅದಕ್ಕೆ ಕೊಡುವ ವಿಳಾಸಗಳು ಈಗ ಯಾರವೂ ಅಲ್ಲ.