ಕಂಪನಿ ತಪ್ಪಾಗಿ ಕಟ್ಟಿದ ಪಿಎಫ್ ದುಡ್ಡನ್ನ ನಾನ್ಯಾಕೆ ವಾಪಸ್ ಕೊಡ್ಲಿ?

ಔಟರ್ ರಿಂಗ್ ರೋಡ್ ಕಡೆ ಒಂದು ಕಂಪನಿಲಿ ಕೆಲಸ ಬಿಟ್ಟು ಫೈನಲ್ ಸೆಟಲ್‌ಮೆಂಟಿಗೆ ಕಾಯ್ತಿದ್ದೆ, ಅಷ್ಟರಲ್ಲಿ ಎಚ್‌ಆರ್‌ ಕಡೆಯಿಂದ ಮೇಲ್ ಬಂತು. ನನ್ನ ಪಿಎಫ್‌ಗೆ ಕಂಪನಿ ತಿಂಗಳಿಗೆ 1,800 ಮಾತ್ರ ಕಟ್ಟಬೇಕಿತ್ತಂತೆ, ಪೇರೋಲ್‌ನಲ್ಲಿ ತಪ್ಪಾಗಿ ಪೂರ್ತಿ ಬೇಸಿಕ್ (ಮೂಲ ಸಂಬಳ) ಮೇಲೆ 12% ಹೋಗಿದೆಯಂತೆ, ಮೂರು ವರ್ಷದ್ದು ಸೇರಿ 1,08,000 ರೂಪಾಯಿ ನಾನು ವಾಪಸ್ ಕೊಡ್ಬೇಕಂತೆ, ಇಲ್ಲಾಂದ್ರೆ ಸೆಟಲ್‌ಮೆಂಟಲ್ಲೇ ಹಿಡ್ಕೋತಾರಂತೆ.

ಮೊದಲು ಉಮಂಗ್ ಆ್ಯಪಲ್ಲಿ ಪಾಸ್‌ಬುಕ್ ತೆಗೆದು ನೋಡ್ದೆ. ನನ್ನ ಬೇಸಿಕ್ 40,000. ಪ್ರತಿ ತಿಂಗಳ ಸಾಲಲ್ಲೂ ನನ್ನ ಪಾಲು 4,800, ಕಂಪನಿ ಪಾಲಲ್ಲಿ ಪಿಎಫ್‌ಗೆ 3,550, ಪೆನ್ಷನ್‌ಗೆ 1,250, ಒಟ್ಟು 4,800. 2014ರ ಸೆಪ್ಟೆಂಬರಿಂದ ಪಿಎಫ್ ಸಂಬಳದ ಮಿತಿ 15,000, ಅದರ 12% ಅಂದ್ರೆ 1,800, ಅದ್ರಲ್ಲಿ 1,250 ಪೆನ್ಷನ್‌ಗೆ ಹೋದ್ರೆ ಪಿಎಫ್‌ಗೆ ಬೀಳೋದು 550. ವ್ಯತ್ಯಾಸ ತಿಂಗಳಿಗೆ 3,000, 36 ತಿಂಗಳಿಗೆ 1,08,000. ಕೂಡಿ ಕಳೆಯೋದ್ರಲ್ಲಿ ತಪ್ಪಿಲ್ಲ, ತಪ್ಪಿರೋದು ಆ ದುಡ್ಡನ್ನ ನನ್ನ ಹತ್ರ ಕೇಳ್ತಿರೋದ್ರಲ್ಲಿ. ಅದು ನನ್ನ ಕೈಗೆ ಬಂದೇ ಇಲ್ಲ, ಪಿಎಫ್ ಖಾತೇಲಿ ಕೂತಿದೆ. ಅದಕ್ಕಿಂತ ಹೆಚ್ಚಾಗಿ, ಆಫರ್ ಲೆಟರ್‌ನ ಸಿಟಿಸಿ (ಕಂಪನಿ ನನಗೆ ಮಾಡೋ ಒಟ್ಟು ಖರ್ಚು) ಪುಟದಲ್ಲಿ ಕಂಪನಿ ಪಿಎಫ್ ಪಾಲು ತಿಂಗಳಿಗೆ 4,800 ಅಂತ ಅವರೇ ಪ್ರಿಂಟ್ ಮಾಡಿ ಸೈನ್ ಹಾಕಿ ಕೊಟ್ಟಿದ್ದಾರೆ. ಸಂಬಳ ಮಾತಾಡೋವಾಗ ನನ್ನ ಪ್ಯಾಕೇಜ್ ಅಂತ ತೋರಿಸಿದ ದುಡ್ಡು, ಕೆಲಸ ಬಿಡೋವಾಗ ಪೇರೋಲ್ ಮಿಸ್ಟೇಕ್ ಹೇಗಾಗುತ್ತೆ?

ಫೋನ್ ಮಾಡಿದ್ರೆ ಎಚ್‌ಆರ್ ಮೇಡಂ, "ಸರ್, ಜಾಯ್ನಿಂಗ್ ಟೈಮಲ್ಲಿ ಎಕ್ಸೆಸ್ ಪೇಮೆಂಟ್ ರಿಕವರಿಗೆ ನೀವೇ ಒಪ್ಕೊಂಡಿದೀರಲ್ಲ, ಅಗ್ರಿಮೆಂಟಲ್ಲಿ ಆ ಷರತ್ತಿದೆ" ಅಂದ್ರು. "ಮೇಡಂ, ಯಾವ ರೂಲ್ ಪ್ರಕಾರ ಹಿಡೀತೀರ ಅಂತ ಮೇಲಲ್ಲಿ ಕೊಡಿ" ಅಂದೆ. ಇವತ್ತಿಗೂ ಕೊಟ್ಟಿಲ್ಲ.

ಪಿಎಫ್ ನಿಯಮಗಳಿರೋ ಇಪಿಎಫ್ ಸ್ಕೀಮ್ 1952ರಲ್ಲಿ ಪ್ಯಾರಾ 31 ಅಂತ ಇದೆ, ದಯವಿಟ್ಟು ಎಲ್ಲರೂ ಒಂದ್ಸಲ ಓದಿ. ಯಾವ ಒಪ್ಪಂದ ಏನೇ ಹೇಳಿದ್ರೂ ಸರಿ, ಮಾಲೀಕರು ತಮ್ಮ ಪಾಲಿನ ಪಿಎಫ್ ದುಡ್ಡನ್ನ ಮೆಂಬರ್ ಸಂಬಳದಲ್ಲಿ ಹಿಡಿಯೋ ಹಾಗಿಲ್ಲ, ಬೇರೆ ಯಾವ ರೀತೀಲೂ ವಸೂಲಿ ಮಾಡೋ ಹಾಗಿಲ್ಲ. ಅಂದ್ರೆ ಜಾಯ್ನಿಂಗ್ ದಿನ ಹಾಕಿಸ್ಕೊಂಡ ಸೈನ್ ಇಲ್ಲಿ ನಡೆಯಲ್ಲ. ನೌಕರನ ಪಾಲಿಗೂ ಪ್ಯಾರಾ 32ರಲ್ಲಿ ಕಟ್ಟುನಿಟ್ಟು ಇದೆ, ಆಯಾ ಅವಧಿಯ ಸಂಬಳದಲ್ಲೇ ಹಿಡೀಬೇಕು, ಕಣ್ತಪ್ಪಿಂದ ಬಿಟ್ಟುಹೋಗಿದ್ರೆ ಮುಂದಿನ ಸಂಬಳದಲ್ಲಿ ಹಿಡಿಯೋಕೆ ಪಿಎಫ್ ಇನ್‌ಸ್ಪೆಕ್ಟರ್‌ ಲಿಖಿತ ಒಪ್ಪಿಗೆ ಬೇಕು. ನನ್ನ ಪಾಲಿಗೇ ಇಷ್ಟು ರಕ್ಷಣೆ ಇರುವಾಗ ಕಂಪನಿ ಪಾಲನ್ನ ಒಂದು ಮೇಲ್ ಕಳಿಸಿ ಕೇಳ್ತಾರಲ್ಲ, ಇದು ನಂಗೆ ತುಂಬಾ ಬೇಜಾರಾಯ್ತು. ಕಂಪನಿಗೆ ನಿಜವಾಗ್ಲೂ ಜಾಸ್ತಿ ಕಟ್ಟಿದೀವಿ ಅನ್ಸಿದ್ರೆ ಪಿಎಫ್ ಆಫೀಸಿಗೆ ಬರೆದು ಕೇಳ್ಲಿ, ದುಡ್ಡು ಇರೋದು ಅಲ್ಲಿ ತಾನೇ.

ಇದನ್ನೆಲ್ಲ ಮೇಲಲ್ಲಿ ಬರೆದು, ಸಿಟಿಸಿ ಪುಟ, ಸ್ಯಾಲರಿ ಸ್ಲಿಪ್, ಪಾಸ್‌ಬುಕ್ ಪಿಡಿಎಫ್ ಲಗತ್ತಿಸಿ ಕಳಿಸ್ದೆ, ಯಾವ ಕಡಿತಕ್ಕೂ ನನ್ನ ಒಪ್ಪಿಗೆ ಇಲ್ಲ ಅಂತ ಕೊನೇಲಿ ಸ್ಪಷ್ಟವಾಗಿ ಹಾಕ್ದೆ. ಪಿಎಫ್ ಇಲಾಖೆ ಇಪಿಎಫ್‌ಒದ ಗ್ರೀವನ್ಸ್ ಪೋರ್ಟಲಲ್ಲಿ ಯುಎಎನ್ (ನನ್ನ ಪಿಎಫ್ ಮೆಂಬರ್ ನಂಬರ್) ಹಾಕಿ ಕಂಪ್ಲೇಂಟನ್ನೂ ದಾಖಲಿಸಿ, ಅದರ ರಿಜಿಸ್ಟ್ರೇಷನ್ ನಂಬರ್ ಅವರಿಗೆ ಕಳಿಸ್ದೆ. ಅದಾದ ಮೇಲೆ ಸೆಟಲ್‌ಮೆಂಟ್ ಕಡಿತ ಇಲ್ಲದೆ ಅಕೌಂಟಿಗೆ ಬಂತು, ಆದ್ರೆ ಡಿಮ್ಯಾಂಡ್ ವಾಪಸ್ ತಗೊಂಡಿದೀವಿ ಅಂತ ಒಂದು ಸಾಲೂ ಬರೆದಿಲ್ಲ, ಅದನ್ನ ಲಿಖಿತದಲ್ಲಿ ಕೇಳ್ತಾನೇ ಇದೀನಿ.

ನನ್ನ ಜೊತೆ ಬಿಟ್ಟ ಒಬ್ಬ ಹುಡುಗಿಗೂ ಇದೇ ಮೇಲ್ ಬಂದಿತ್ತು, ಅವಳು ಹೊಸ ಕೆಲಸಕ್ಕೆ ರಿಲೀವಿಂಗ್ ಲೆಟರ್ ಬೇಕಲ್ಲ ಅಂತ ಹೆದರಿ ಒಪ್ಕೊಂಡು ಬಿಟ್ಟಿದ್ಲು, ಅವಳ ಸೆಟಲ್‌ಮೆಂಟಲ್ಲಿ ಕತ್ತರಿಸಿದ್ದಾರೆ. ಸೆಟಲ್‌ಮೆಂಟ್ ಶೀಟಲ್ಲಿ "ಪಿಎಫ್ ರಿಕವರಿ" ಅಂತಲೇ ಬರೆದಿದೆ, ಆ ಶೀಟ್ ಇಟ್ಕೊಂಡೇ ಈ ವಾರ ಅವಳ ಕಂಪ್ಲೇಂಟ್ ಹಾಕ್ತಿದೀವಿ.